ಅಡಿಕೆಗೆ ದಿನಾ ಧಾರಣೆ ಬರುತ್ತೆ, ಅಪಾರ್ಟ್‌ಮೆಂಟ್‌ಗೆ ಯಾಕೆ ಬರಲ್ಲ? ಕಂದಾಯ ಸಚಿವರಿಗೂ ನೋಂದಣಿ ಇಲಾಖೆಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕಂದಾಯ ಸಚಿವರು, ಮಾನ್ಯ ವಸತಿ ಸಚಿವರು, ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕಗಳ ಆಯುಕ್ತರು, ಹಾಗೂ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಪ್ರಾಧಿಕಾರದ ಅಧ್ಯಕ್ಷರು

ವಿಷಯ: ಬೆಂಗಳೂರಿನಲ್ಲಿ ಫ್ಲ್ಯಾಟ್‌ಗಳು ನಿಜವಾಗಿ ಮಾರಾಟವಾದ ಬೆಲೆಯನ್ನು ಜನರಿಗೆ ಕಾಣುವಂತೆ ಪ್ರಕಟಿಸುವ ಬಗ್ಗೆ

ಮಾನ್ಯರೇ,

ನಾನು, ನನ್ನ ಹೆಂಡ್ತಿ ಇಬ್ರೂ ಸಂಬಳದವ್ರು. ಬೆಂಗಳೂರು ದಕ್ಷಿಣದಲ್ಲಿ ಬಾಡಿಗೆ ಮನೇಲಿದೀವಿ, ಕಳೆದ ವರ್ಷದಿಂದ ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ಹುಡುಕ್ತಿದೀವಿ. ದುಬಾರಿ ಅಂತ ಗೊತ್ತಿದ್ದೇ ಹೊರಟಿದ್ದು, ಅದರ ಬಗ್ಗೆ ನಿಮ್ಮ ಹತ್ರ ದೂರಿಲ್ಲ. ಊರಿಗೆ ಕೆಲಸ ಬಂತು, ಕೆಲಸದ ಹಿಂದೆ ಜನ ಬಂದ್ರು, ಭೂಮಿ ಇರೋದು ಅಷ್ಟೇ, ಬೆಲೆ ಏರದೆ ಇನ್ನೇನಾಗುತ್ತೆ. ನನ್ನ ದೂರು ಬೇರೆ. ಒಂದು ಫ್ಲ್ಯಾಟ್‌ಗೆ ನಾವು ಕೊಡೋಕೆ ಹೊರಟಿರೋ ದುಡ್ಡು ಸರಿಯಾದ್ದೋ ಜಾಸ್ತಿಯಾಯ್ತೋ ಅಂತ ತಿಳ್ಕೊಳ್ಳೋಕೆ ಸಾಮಾನ್ಯ ಖರೀದಿದಾರನಿಗೆ ಈ ರಾಜ್ಯದಲ್ಲಿ ನೆಟ್ಟಗೆ ಒಂದು ದಾರಿ ಇಲ್ಲ, ಆದ್ರೆ ಅದಕ್ಕೆ ಬೇಕಾದ ಮಾಹಿತಿ ಬಹುಪಾಲು ನಿಮ್ಮ ಇಲಾಖೆಗಳ ಕಂಪ್ಯೂಟರಲ್ಲೇ ಕೂತಿದೆ.

ಮೊದಲು ಒಂದು ಕಾಸ್ಟ್ ಶೀಟ್, ಅಂದ್ರೆ ಬಿಲ್ಡರ್ ಕೊಡೋ ಬೆಲೆಪಟ್ಟಿ, ನೋಡಿ. ಬಿಲ್ಡರ್ ಹೆಸರು ಬೇಡ, ನಾವು ನೋಡಿದ ಬೇರೆ ಕಡೆಗಳಲ್ಲೂ ಹೆಚ್ಚುಕಮ್ಮಿ ಇದೇ ಥರದ ಹಾಳೆ. ಹೋರ್ಡಿಂಗ್ ಮೇಲೆ "1.19 ಕೋಟಿಯಿಂದ ಶುರು". 1,250 ಚದರಡಿ, ಚದರಡಿಗೆ 9,500 ರೂಪಾಯಿ, ಗುಣಿಸಿದ್ರೆ 1,18,75,000. ಇಲ್ಲಿ ತನಕ ಸರಿ. ಆಮೇಲೆ ಹಾಳೆ ಕೆಳಗೆ ಇಳೀತಾ ಹೋಗುತ್ತೆ. ನಾಲ್ಕನೇ ಮಹಡಿ ದಾಟಿದ್ಮೇಲೆ ಪ್ರತಿ ಮಹಡಿಗೂ ಚದರಡಿಗೆ 25 ರೂಪಾಯಿ ಫ್ಲೋರ್ ರೈಸ್, ನಮಗೆ ತೋರಿಸಿದ್ದು ಒಂಬತ್ತನೇ ಮಹಡಿ, ಅದಕ್ಕೆ 1,56,250. ಬಾಲ್ಕನಿಯಿಂದ ಪಾರ್ಕ್ ಕಾಣುತ್ತಂತೆ, ಅದಕ್ಕೆ 1,25,000 (ಪಾರ್ಕ್ ಅಂದ್ರೆ ಬ್ರೋಷರ್‌ನಲ್ಲಿ ಹಸಿರು ಬಳಿದಿರೋ ಜಾಗ, ನಾವು ಹೋದಾಗ ಅಲ್ಲಿ ಜಲ್ಲಿ ರಾಶಿ ಬಿದ್ದಿತ್ತು). ಕಾರ್ ಪಾರ್ಕಿಂಗ್ 4 ಲಕ್ಷ, ಕ್ಲಬ್ ಹೌಸ್ 3 ಲಕ್ಷ, ಬೆಸ್ಕಾಂ-ಜಲಮಂಡಳಿ ಅಂತ ಒಂದೇ ಸಾಲಲ್ಲಿ 3,12,500, ಲೀಗಲ್ ಚಾರ್ಜ್ 50 ಸಾವಿರ, ಎರಡು ವರ್ಷದ ಮೇಂಟೆನೆನ್ಸ್ ಮುಂಗಡ ಒಂದೂವರೆ ಲಕ್ಷ, ಕಾರ್ಪಸ್ ಫಂಡ್ (ಮುಂದಿನ ದೊಡ್ಡ ರಿಪೇರಿಗಳಿಗೆ ಅಂತ ಕೂಡಿಡೋ ಹಣ) 93,750. ಎಲ್ಲ ಕೂಡಿದ್ರೆ 1,34,62,500. ಇದರ ಮೇಲೆ ಕಟ್ಟಡ ಇನ್ನೂ ಮುಗಿದಿಲ್ಲ ಅಂತ ಶೇ 5 ಜಿಎಸ್‌ಟಿ. ಅದರ ಮೇಲೆ ನಿಮ್ಮದು: ಮುದ್ರಾಂಕ ಶುಲ್ಕ ಶೇ 5, ಸೆಸ್ಸು ಸರ್‌ಚಾರ್ಜು ಸೇರಿ ಶೇ 0.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದಿದ್ದು ಶೇ 2 ಆಯ್ತು, ಒಟ್ಟು ಶೇ 7.6. ಹೋರ್ಡಿಂಗಿನ 1.19 ಕೋಟಿ ನಮ್ಮ ಕೈಗೆ ಬರೋ ಹೊತ್ತಿಗೆ 1.51 ಕೋಟಿ ದಾಟಿರುತ್ತೆ. ಇನ್ನೂ ಒಂದು ಮೊಳೆ ಹೊಡೆದಿಲ್ಲ, ಅಡುಗೆಮನೆಗೆ ಒಂದು ಕಪಾಟು ಹಾಕ್ಸಿಲ್ಲ.

ಇನ್ನು ಆ 1,250 ಚದರಡಿ ಕಥೆ. ಅದು ಸೂಪರ್ ಬಿಲ್ಟ್ ಅಪ್. ಅಗ್ರಿಮೆಂಟಿನ ಡ್ರಾಫ್ಟ್ ಕೇಳಿ ಇಸ್ಕೊಂಡು ನೋಡಿದ್ರೆ ಕಾರ್ಪೆಟ್ ಏರಿಯಾ, ಅಂದ್ರೆ ಮನೆ ಒಳಗೆ ನಿಜವಾಗಿ ಬಳಸೋ ನೆಲ, 830. ಮಿಕ್ಕಿದ್ದು ಹೊರಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟು, ಲಾಬಿ, ಕ್ಲಬ್ ಹೌಸಿನ ಗೋಡೆ, ಅದರಲ್ಲಿ ನಮ್ಮ ಪಾಲು ಎಷ್ಟು ಅಂತ ಬಿಲ್ಡರ್ ಹೇಳಿದ್ದೇ ಲೆಕ್ಕ. ಕ್ಲಬ್ ಹೌಸಿಗೆ ಇಲ್ಲೊಂದ್ಸಲ ಚದರಡಿ ಲೆಕ್ಕದಲ್ಲಿ ಕೊಟ್ಟಾಯ್ತು, ಮೇಲೆ ಮತ್ತೆ 3 ಲಕ್ಷ. ನಾವು ಕಾಲಿಟ್ಟು ಓಡಾಡೋ ಜಾಗಕ್ಕೆ ಭಾಗಿಸಿದ್ರೆ ಚದರಡಿಗೆ ಬೀಳೋದು 18 ಸಾವಿರದ ಮೇಲೆ, 9,500 ಅಲ್ಲ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂದ್ರೇನು ಅಂತ ಸೆಕ್ಷನ್ 2ರಲ್ಲೇ ಬಿಡಿಸಿ ಹೇಳಿದೆ, ಗೊಂದಲಕ್ಕೆ ಜಾಗನೇ ಬಿಟ್ಟಿಲ್ಲ. ಆದ್ರೂ ಇವತ್ತಿಗೂ ಜಾಹೀರಾತು, ಕಾಸ್ಟ್ ಶೀಟು, ಸೇಲ್ಸ್ ಹುಡುಗನ ಬಾಯಿ, ಎಲ್ಲ ಕಡೆ ಸೂಪರ್ ಬಿಲ್ಟ್ ಅಪ್ಪೇ. ಒಂದು ಪ್ರಾಜೆಕ್ಟಲ್ಲಿ 1,250ಕ್ಕೆ 830 ಕಾರ್ಪೆಟ್, ರಸ್ತೆ ಆಚೆಗಿನ ಇನ್ನೊಂದರಲ್ಲಿ 1,250ಕ್ಕೇ 900, ಇವೆರಡರಲ್ಲಿ ಯಾವುದು ಅಗ್ಗ ಅಂತ ಬೋರ್ಡ್ ಮೇಲಿನ ರೇಟ್ ನೋಡಿದವನಿಗೆ ಹೇಗೆ ಗೊತ್ತಾಗ್ಬೇಕು? ಬಿಲ್ಡರ್‌ಗಳನ್ನ ಅಂದು ಏನು ಪ್ರಯೋಜನ, ನಿಮ್ಮದೇ ಮಾರ್ಗಸೂಚಿ ಬೆಲೆ (ನೋಂದಣಿಗೆ ಸರ್ಕಾರ ಗೊತ್ತುಮಾಡೋ ಕನಿಷ್ಠ ಬೆಲೆ) ಪಟ್ಟಿ ಅಪಾರ್ಟ್‌ಮೆಂಟ್‌ಗಳಿಗೆ ಸೂಪರ್ ಬಿಲ್ಟ್ ಅಪ್ ಲೆಕ್ಕದಲ್ಲೇ ದರ ಹಾಕುತ್ತೆ.

ರೇಟ್ ಇಳಿಸೋ ನಾಟಕನೂ ಸ್ವಲ್ಪ ಹೇಳ್ಬೇಕು. ಸೇಲ್ಸ್ ಹುಡುಗ ಒಳ್ಳೆಯವನೇ, ಪಾಪ, ಅವನದ್ದೂ ಹೊಟ್ಟೆಪಾಡು. 9,500 ಜಾಸ್ತಿಯಾಯ್ತು ಅಂದ್ವಿ. "ಒಂದ್ನಿಮಿಷ ಸರ್" ಅಂತ ಗಾಜಿನ ಕ್ಯಾಬಿನ್ ಒಳಗೆ ಹೋದ, ಒಳಗೆ ಮ್ಯಾನೇಜರ್ ಫೋನ್ ಕಿವಿಗಿಟ್ಕೊಂಡು ನಮ್ಮ ಕಡೆ ನೋಡ್ತಾ ತಲೆ ಆಡಿಸಿದ್ರು, ಆಮೇಲೆ ಹುಡುಗ ಹೊರಗೆ ಬಂದು ದನಿ ತಗ್ಗಿಸಿ, ಹೆಡ್ ಆಫೀಸಿಂದ ಅಪ್ರೂವಲ್ ಸಿಕ್ಕಿದೆ ಸರ್, ಚದರಡಿಗೆ 150 ಕಮ್ಮಿ ಮಾಡ್ತೀವಿ, ಭಾನುವಾರದ ತನಕ ಮಾತ್ರ, ದಯವಿಟ್ಟು ಬೇರೆಯವರಿಗೆ ಹೇಳ್ಬೇಡಿ ಅಂದ. ಈ ಸ್ಟ್ಯಾಕಲ್ಲಿ (ಒಂದರ ಮೇಲೊಂದಿರೋ ಒಂದೇ ಥರದ ಮನೆಗಳ ಸಾಲಲ್ಲಿ) ಇನ್ನೆರಡೇ ಉಳಿದಿರೋದು ಅಂತನೂ ಸೇರಿಸಿದ. ಮನೆಗೆ ಬಂದು ರೇರಾ ಪೋರ್ಟಲ್‌ನಲ್ಲಿ ಆ ಪ್ರಾಜೆಕ್ಟಿನ ತ್ರೈಮಾಸಿಕ ವರದಿ ತೆಗೆದು ನೋಡಿದ್ರೆ ಇಡೀ ಟವರಲ್ಲಿ ಅರ್ಧಕ್ಕರ್ಧ ಬುಕ್ ಆಗದೆ ಕೂತಿದೆ. ಈ ಒಂದು ವಿಷಯಕ್ಕೆ ರೇರಾದವರಿಗೆ ನಿಜವಾಗ್ಲೂ ಥ್ಯಾಂಕ್ಸ್. ಆದ್ರೆ ಆ ವರದೀಲಿ ಎಷ್ಟು ಮನೆ ಬುಕ್ ಆಗಿದೆ ಅಂತಿದೆ, ಎಷ್ಟಕ್ಕೆ ಬುಕ್ ಆಗಿದೆ ಅಂತಿಲ್ಲ. ನನ್ನ ಹೆಂಡ್ತಿ ಆಫೀಸಿನವರೊಬ್ರು ಅದೇ ಟವರಲ್ಲಿ ಕೆಲವು ತಿಂಗಳು ಮುಂಚೆ 8,900ಕ್ಕೆ ತಗೊಂಡಿದಾರೆ, ಫ್ಲೋರ್ ರೈಸೂ ಇಲ್ಲ. ಪರಿಚಯ ಇತ್ತು, ಹೇಳಿದ್ರು. ಪರಿಚಯ ಇಲ್ಲದವನು ಯಾರನ್ನ ಕೇಳ್ಬೇಕು?

ನಮ್ಮಪ್ಪ ಸಾಗರದ ಹತ್ರ ಅಡಿಕೆ ಬೆಳೀತಾರೆ. ಎರಡು ಎಕರೆ ತೋಟ, ಅಂಥಾ ದೊಡ್ಡದೇನಲ್ಲ. ಬೆಳಗ್ಗೆ ಪೇಪರ್ ಬಂದ್ರೆ ಮೊದಲು ನೋಡೋದು ಧಾರಣೆ. ಶಿವಮೊಗ್ಗದಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು, ಗೊರಬಲು ಎಷ್ಟು, ಶಿರಸೀಲಿ ಚಾಲಿ ಎಷ್ಟು, ಕನಿಷ್ಠ ಇಷ್ಟು ಗರಿಷ್ಠ ಇಷ್ಟು. ಕೃಷಿ ಮಾರಾಟ ಇಲಾಖೆಯ ವೆಬ್‌ಸೈಟಲ್ಲಿ ಮಾದರಿ ಬೆಲೆ, ಆವಕ, ಹಳೇ ತಿಂಗಳ ಲೆಕ್ಕ ಎಲ್ಲ ಸಿಗುತ್ತೆ. ದಲ್ಲಾಳಿ ಬಂದು "ಯಜಮಾನ್ರೇ ಈ ವಾರ ಮಾರ್ಕೆಟ್ ಬಿದ್ದಿದೆ" ಅಂದ್ರೆ ಅಪ್ಪ ಕನ್ನಡಕ ಏರಿಸಿ ಪೇಪರ್ ಮುಂದಿಡ್ತಾರೆ, ಮಾತು ಅಲ್ಲಿಗೆ ಮುಗೀತು. ಇದನ್ನೆಲ್ಲ ಮಾಡ್ತಿರೋದು ಇದೇ ಕರ್ನಾಟಕ ಸರ್ಕಾರ. ಒಂದು ಕ್ವಿಂಟಾಲ್ ಅಡಿಕೆ ಕೈ ಬದಲಾದ್ರೆ ರೇಟ್ ಊರಿಗೆಲ್ಲ ಗೊತ್ತು, ಒಂದೂವರೆ ಕೋಟಿಯ ಮನೆ ಕೈ ಬದಲಾದ್ರೆ ಪಕ್ಕದ ಮನೆಯವನಿಗೂ ಗೊತ್ತಿಲ್ಲ. ಆ ಮನೆಗೆ ಕಟ್ಟೋ ಹಣದಲ್ಲಿ ಅಪ್ಪನ ಅಡಿಕೆ ದುಡ್ಡೂ ಸೇರುತ್ತೆ ಅನ್ನೋದು ಬೇರೆ ಮಾತು.

ಪ್ರಾಪರ್ಟಿ ಆ್ಯಪ್‌ಗಳಲ್ಲಿ ರೇಟ್ ಇದೆಯಲ್ಲ ಅನ್ಬೇಡಿ. ಅಲ್ಲಿ ಬಹುತೇಕ ಇರೋದು ಕೇಳೋ ಬೆಲೆ, ಕೊಟ್ಟ ಬೆಲೆ ಅಲ್ಲ. ಮಾರೋನು ಏನು ಬೇಕಾದ್ರೂ ಕೇಳಬಹುದು, ಅವನು ಕೇಳಿದ್ದನ್ನ ನೋಡಿ ಪಕ್ಕದವನು ಇನ್ನೈದು ಲಕ್ಷ ಸೇರಿಸಿ ಕೇಳ್ತಾನೆ, ಅದನ್ನ ಸರಾಸರಿ ತೆಗೆದು "ಈ ಏರಿಯಾದಲ್ಲಿ ಬೆಲೆ ಹೀಗೆ ಏರಿದೆ" ಅಂತ ಗ್ರಾಫ್ ಹಾಕ್ತಾರೆ, ಆ ಗ್ರಾಫನ್ನ ಪ್ರಿಂಟ್ ತೆಗೆದು ಸೇಲ್ಸ್ ಆಫೀಸಲ್ಲಿ ನಮಗೇ ತೋರಿಸ್ತಾರೆ. ಬೆಲೆ ಏರೋದಕ್ಕೆ ಕಾರಣಕ್ಕೂ ಬರ ಇಲ್ಲ. 2023ರಲ್ಲಿ ರೆಪೋ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ) ಶೇ 6.5 ಇದ್ದಾಗ ಈಗ ತಗೊಂಡ್ಬಿಡಿ ಸರ್, ಬಡ್ಡಿ ಇಳಿದ್ಮೇಲೆ ಲೋನ್ ಟ್ರಾನ್ಸ್‌ಫರ್ ಮಾಡ್ಕೊಳ್ಳಿ ಅಂತಿದ್ರಂತೆ, 2025ರಲ್ಲಿ ಅದು ಶೇ 5.25ಕ್ಕೆ ಇಳಿದ್ಮೇಲೆ ಬಡ್ಡಿ ಇಳಿದಿದೆ ಸರ್, ಎಲ್ರೂ ತಗೋತಾರೆ, ಇನ್ನು ರೇಟ್ ನಿಲ್ಲಲ್ಲ ಅಂತಾರೆ. ಬನ್ನೇರುಘಟ್ಟ ರಸ್ತೇಲಿ ಗುಲಾಬಿ ಮಾರ್ಗದ ಕಂಬ ಏಳೋ ಹೊತ್ತಿಗೇ ಮೆಟ್ರೋ ಬೆಲೆ ಚದರಡಿಗೆ ಸೇರಿಹೋಗಿತ್ತು. ಮೆಟ್ರೋ ಕಟ್ಟೋದು ನಮ್ಮ ತೆರಿಗೆ ದುಡ್ಡಲ್ಲಿ, ಅದು ಬರುತ್ತೆ ಅಂತ ಜಾಸ್ತಿ ಕೊಡೋರೂ ನಾವೇ.

ಬ್ಯಾಂಕ್ ಸಾಲ ಕೊಟ್ಟಿದೆ ಅಂದ್ರೆ ಬೆಲೆ ಸರಿ ಇರ್ಬೇಕು ಅಂತ ತುಂಬಾ ಜನ ನಂಬಿದಾರೆ. 75 ಲಕ್ಷಕ್ಕಿಂತ ದೊಡ್ಡ ಗೃಹಸಾಲ ಆದ್ರೆ ಆರ್‌ಬಿಐ ನಿಯಮದಂತೆ ಬ್ಯಾಂಕ್ ಮನೆ ಬೆಲೆಯ ಶೇ 75ರ ತನಕ ಮಾತ್ರ ಕೊಡಬಹುದು. ಬೆಲೆ ಬಿದ್ರೆ ಮೊದಲ ಶೇ 25 ಹೊಡೆತ ನಮ್ಮದು, ಬ್ಯಾಂಕ್‌ದಲ್ಲ, ಹಾಗಾಗಿ ನಾವು ಹತ್ತು ಲಕ್ಷ ಜಾಸ್ತಿ ಕೊಟ್ರೆ ಬ್ಯಾಂಕಿಗೆ ನಿದ್ದೆ ಕೆಡಲ್ಲ. ನಮಗೆ ಸಾಲ ಕೊಡೋಕೆ ಒಪ್ಪಿದ ಬ್ಯಾಂಕೊಂದು ವ್ಯಾಲ್ಯುಯೇಶನ್ ಫೀಸ್ ನಮ್ಮಿಂದ್ಲೇ ತಗೊಂಡು ರಿಪೋರ್ಟ್ ಮಾತ್ರ ನಮಗೆ ತೋರಿಸ್ಲಿಲ್ಲ, ಅದು ಇಂಟರ್ನಲ್ ಅಂತೆ.

ಬಾಡಿಗೆ ಲೆಕ್ಕ ಹಾಕಿದ್ರೆ ಇನ್ನೂ ತಲೆ ತಿರುಗುತ್ತೆ. ಅದೇ ರಸ್ತೇಲಿ ಹ್ಯಾಂಡ್‌ಓವರ್ ಆಗಿ ಕೆಲವು ವರ್ಷ ಆಗಿರೋ ಕಾಂಪ್ಲೆಕ್ಸಲ್ಲಿ ಇದೇ ಅಳತೆ ಮನೆಗೆ ತಿಂಗಳಿಗೆ 35 ಸಾವಿರ ಬಾಡಿಗೆ. ವರ್ಷಕ್ಕೆ 4.2 ಲಕ್ಷ, ಅಂದ್ರೆ 1.51 ಕೋಟಿಗೆ ಶೇ 3 ಕೂಡ ಬರಲ್ಲ, ಎಫ್‌ಡಿಗೇ ಅದಕ್ಕಿಂತ ಜಾಸ್ತಿ ಸಿಗುತ್ತೆ. ಒಂದು ಕೋಟಿ ಸಾಲಕ್ಕೆ ಶೇ 8ರಂತೆ 20 ವರ್ಷಕ್ಕೆ ಇಎಂಐ 83,644, ಮುಗಿಯೋ ಹೊತ್ತಿಗೆ ಬ್ಯಾಂಕಿಗೆ ಕಟ್ಟಿರೋದು ಎರಡು ಕೋಟಿ. ಹಾಗಂತ ಬಾಡಿಗೇಲೇ ಇರೋದೇ ಜಾಣತನ ಅಂತ ನಾನು ವಾದ ಮಾಡಲ್ಲ. ಬಾಡಿಗೆ ವರ್ಷ ವರ್ಷ ಏರುತ್ತೆ, ಓನರ್ ಮಗಳ ಮದುವೆ ಅಂತ ಖಾಲಿ ಮಾಡ್ಸಿದ್ರೆ ಮಕ್ಕಳ ಸ್ಕೂಲ್ ಬಸ್ಸಿಂದ ಹಿಡಿದು ಎಲ್ಲ ಅಸ್ತವ್ಯಸ್ತ, ಮನೆಗೆ ಅಂತ ಒಂದು ಹೆಚ್ಚಿನ ಬೆಲೆ ಕೊಡೋಕೆ ನಮ್ಮಂಥವ್ರು ತಯಾರಿದೀವಿ. ಆ ಹೆಚ್ಚಿನದು ಎಷ್ಟು ಅಂತ ಕಣ್ಣಿಗೆ ಕಾಣ್ಬೇಕು ಅಷ್ಟೆ. ಐದು ಲಕ್ಷನಾ, ಮೂವತ್ತು ಲಕ್ಷನಾ?

ಬಿಲ್ಡರ್‌ಗಳ ಪರ ಇರೋ ಮಾತೂ ಹೇಳ್ಬಿಡ್ತೀನಿ. ಜಮೀನಿನ ರೇಟು, ಕೂಲಿ, ಕಬ್ಬಿಣ, ಸಿಮೆಂಟು, ಪ್ಲಾನ್ ಮಂಜೂರಾತಿಗೆ ಅಲೆದಾಟ, ಅದಕ್ಕೆ ಮೇಲಿಂದ ಕೆಳಗಿನ ತನಕ ಆಗೋ ಖರ್ಚು, ಇದೆಲ್ಲ ಇದೆ, ಸುಳ್ಳಲ್ಲ. ಬಹುಶಃ ಅವರು ಕೇಳ್ತಿರೋ ಬೆಲೆ ಕೆಲವು ಕಡೆ ನ್ಯಾಯವಾಗೇ ಇರಬಹುದು. ಹಾಗಿದ್ರೆ ಅದನ್ನ ತೋರಿಸೋಕೆ ಹೆದರಿಕೆ ಯಾಕೆ?

ಈಗ ನಿಮ್ಮ ಹತ್ರ ಏನಿದೆ ಅನ್ನೋ ವಿಷಯಕ್ಕೆ ಬರ್ತೀನಿ. ಕಾವೇರಿ 2.0 ತಂತ್ರಾಂಶದಲ್ಲಿ ನೋಂದಣಿಯಾಗೋ ಪ್ರತಿ ಕ್ರಯಪತ್ರದಲ್ಲೂ ಎಷ್ಟಕ್ಕೆ ಮಾರಾಟ ಆಯ್ತು ಅಂತ ದಾಖಲಾಗುತ್ತೆ, ಅದರ ಮೇಲೇ ತಾನೇ ನೀವು ಶುಲ್ಕ ತಗೊಳ್ಳೋದು. ಇದು ಗುಟ್ಟಿನ ಮಾಹಿತಿಯೂ ಅಲ್ಲ. 1908ರ ನೋಂದಣಿ ಕಾಯ್ದೆ ಸೆಕ್ಷನ್ 57 ಓದಿ, ಸ್ಥಿರಾಸ್ತಿ ಪತ್ರಗಳಿರೋ ಒಂದನೇ ಪುಸ್ತಕ, ಅದರ ಸೂಚಿ, ಶುಲ್ಕ ಕಟ್ಟಿ ಅರ್ಜಿ ಹಾಕಿದ ಯಾರು ಬೇಕಾದ್ರೂ ನೋಡಬಹುದು ಅಂತ ಬ್ರಿಟಿಷರ ಕಾಲದಲ್ಲೇ ಬರೆದಿಟ್ಟಿದಾರೆ. ಇವತ್ತೂ ನಾನು ಒಂದು ಫ್ಲ್ಯಾಟಿನ ಇ.ಸಿ. (ಋಣಭಾರ ಪತ್ರ) ಆನ್‌ಲೈನಲ್ಲಿ ತೆಗೆಸಿದ್ರೆ ಕೊಂಡವರ ಹೆಸರು, ಮಾರಿದವರ ಹೆಸರು, ಮಾರಿದ ಮೊತ್ತ ಎಲ್ಲ ಬರುತ್ತೆ. ಆದ್ರೆ ಅದಕ್ಕೆ ಆ ಸ್ವತ್ತಿನ ವಿವರ ಮೊದಲೇ ಗೊತ್ತಿರ್ಬೇಕು, ಒಂದೊಂದೇ ಹುಡುಕಬೇಕು, ಒಂದೊಂದಕ್ಕೂ ದುಡ್ಡು ಕಟ್ಬೇಕು. ಈ ಅಪಾರ್ಟ್‌ಮೆಂಟಲ್ಲಿ ಕಳೆದ ಆರು ತಿಂಗಳಲ್ಲಿ ಎಷ್ಟು ಮನೆ ಯಾವ ರೇಟಿಗೆ ಹೋಯ್ತು ಅಂತ ಒಂದೇ ಸಲ ಕೇಳೋ ಹಾಗಿಲ್ಲ. ಹೆಸರು ಸಮೇತ ಒಂದೊಂದಾಗಿ ಕೊಡೋಕೆ ಆಗುತ್ತೆ, ಹೆಸರು ತೆಗೆದು ಒಟ್ಟಾಗಿ ಕೊಡೋಕೆ ಆಗಲ್ಲ, ಇದ್ಯಾವ ನ್ಯಾಯ?

ಆರ್‌ಬಿಐ ಮೂರು ತಿಂಗಳಿಗೊಮ್ಮೆ ಮನೆ ಬೆಲೆ ಸೂಚ್ಯಂಕ ಬಿಡುತ್ತಲ್ಲ, ಅದು ನಿಂತಿರೋದು ನೋಂದಣಿ ಇಲಾಖೆಗಳಿಂದ ಹೋಗೋ ವಹಿವಾಟಿನ ಲೆಕ್ಕದ ಮೇಲೆ, ಆ ನಗರಗಳ ಪಟ್ಟೀಲಿ ಬೆಂಗಳೂರೂ ಇದೆ. ಅಂದ್ರೆ ಮುಂಬೈಗೆ ಅಂಕಿ ಹೋಗುತ್ತೆ, ಅಲ್ಲಿಂದ ಇಡೀ ಬೆಂಗಳೂರಿಗೆ ಸೇರಿ ಒಂದು ನಂಬರ್ ವಾಪಸ್ ಬರುತ್ತೆ. ಅರ್ಥಶಾಸ್ತ್ರಜ್ಞರಿಗೆ ಅದು ಸಾಕು. ತಲಘಟ್ಟಪುರದ ಹತ್ರ ಮನೆ ನೋಡ್ತಿರೋ ನನಗೆ ಯಲಹಂಕ, ವೈಟ್‌ಫೀಲ್ಡ್ ಎಲ್ಲ ಸೇರಿಸಿದ ಒಂದು ಸೂಚ್ಯಂಕದಿಂದ ಏನಾಗ್ಬೇಕು?

2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆ ಸರಾಸರಿ ಶೇ 30ರಷ್ಟು ಏರಿಸಿದ್ರಿ. ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲಿದೆ ಅಂತ ಗೊತ್ತಿದ್ದಕ್ಕೇ ಅಲ್ವಾ ಏರಿಸಿದ್ದು? ಯಾರಾದ್ರೂ ಕಮ್ಮಿ ಬೆಲೆ ತೋರಿಸಿ ನೋಂದಣಿಗೆ ಬಂದ್ರೆ ಮುದ್ರಾಂಕ ಕಾಯ್ದೆ 45-ಎ ಅಡಿ ಪ್ರಕರಣ ಹೋಗುತ್ತೆ, ನಿಜವಾದ ಬೆಲೆ ಎಷ್ಟು ಅಂತ ಅಧಿಕಾರಿಗಳು ಲೆಕ್ಕ ಹಾಕ್ತಾರೆ. ಕಮ್ಮಿ ತೋರಿಸಿದವನನ್ನ ಹಿಡಿಯೋಕೆ ನಿಮಗೆ ಬೆಲೆ ಗೊತ್ತಿರುತ್ತೆ. ಜಾಸ್ತಿ ಕೊಟ್ಟವನಿಗೆ ಯಾರೂ ನೋಟಿಸ್ ಕಳ್ಸಲ್ಲ, ಅವನು ಜಾಸ್ತಿ ಕೊಟ್ಟಷ್ಟೂ ಶೇ 7.6ರ ಲೆಕ್ಕದಲ್ಲಿ ಖಜಾನೆಗೂ ಜಾಸ್ತಿ. ನೀವು ಬೇಕಂತ ಮುಚ್ಚಿಟ್ಟಿದೀರಿ ಅಂತ ನಾನು ಹೇಳ್ತಿಲ್ಲ, ಆದ್ರೆ ಮುಚ್ಚಿರೋದ್ರಿಂದ ನಷ್ಟ ಯಾರಿಗೆ ಅಂತ ಒಂದ್ಸಲ ಯೋಚನೆ ಮಾಡಿ.

ಬೇರೆ ಕಡೆ ಇದನ್ನ ಮಾಡಿದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿ 1995ರಿಂದ ಈಚೆಗೆ ಮನೆಗಳು ಮಾರಾಟವಾದ ಬೆಲೆಯನ್ನ ವಿಳಾಸ ಸಮೇತ ಬಿಟ್ಟಿದೆ, ಪುಕ್ಕಟೆ, ಪ್ರತಿ ತಿಂಗಳೂ ಹೊಸ ಲೆಕ್ಕ ಸೇರುತ್ತೆ. ರೆಡಿಂಗ್‌ನಲ್ಲಿರೋ ನನ್ನ ಕಾಲೇಜ್ ಗೆಳೆಯ ಮನೆ ತಗೊಳ್ಳೋವಾಗ ಆ ಬೀದೀಲಿ ಯಾರ್ಯಾರ ಮನೆ ಯಾವ ವರ್ಷ ಎಷ್ಟಕ್ಕೆ ಹೋಯ್ತು ಅಂತ ಸೋಫಾ ಮೇಲೆ ಕೂತ್ಕೊಂಡೇ ನೋಡ್ದ, ಅದನ್ನೇ ಮುಂದಿಟ್ಟು ಚೌಕಾಸಿ ಮಾಡ್ದ. ಸಿಂಗಪುರದಲ್ಲೂ ಖಾಸಗಿ ಫ್ಲ್ಯಾಟ್‌ಗಳ ವಹಿವಾಟು ಪ್ರಾಜೆಕ್ಟ್ ಹೆಸರಿನ ಜೊತೆ ಸಿಗುತ್ತೆ. ಅಷ್ಟು ದೂರ ಯಾಕೆ, ಪಕ್ಕದ ಮಹಾರಾಷ್ಟ್ರದ ನೋಂದಣಿ ಇಲಾಖೆ ದಸ್ತಾವೇಜುಗಳ ಸೂಚಿಯನ್ನ ಆನ್‌ಲೈನಲ್ಲಿ ಹುಡುಕೋಕೆ ಬಿಟ್ಟಿದೆ, ಮುಂಬೈಯಲ್ಲಿ ಯಾವ ಸಿನಿಮಾ ನಟ ಎಷ್ಟು ಕೋಟಿಗೆ ಫ್ಲ್ಯಾಟ್ ತಗೊಂಡ ಅಂತ ಪೇಪರಲ್ಲಿ ಸುದ್ದಿ ಬರೋದು ಎಲ್ಲಿಂದ ಅನ್ಕೊಂಡ್ರಿ? ಐಟಿ ರಾಜಧಾನಿ ಅಂತ ಬೋರ್ಡ್ ಹಾಕ್ಕೊಂಡಿರೋ ನಮ್ಮೂರಲ್ಲಿ ಇದು ಆಗಲ್ಲ ಅಂದ್ರೆ ನಂಬೋಕೆ ಕಷ್ಟ.

ನೀವು ಹೇಳಬಹುದಾದ ಆಕ್ಷೇಪ ನನಗೂ ಹೊಳೆದಿದೆ. ಒಂದು, ಕ್ರಯಪತ್ರದಲ್ಲಿ ಇರೋದೇ ಸುಳ್ಳು ಬೆಲೆ, ಅರ್ಧ ಬ್ಲ್ಯಾಕಲ್ಲಿ ಹೋಗಿರುತ್ತೆ ಅಂತ. ಸೈಟುಗಳಲ್ಲಿ, ಹಳೇ ಸ್ವತಂತ್ರ ಮನೆಗಳಲ್ಲಿ ಅದು ಇದೆ, ಎಲ್ರಿಗೂ ಗೊತ್ತು. ಆದ್ರೆ ಸಾಲ ಮಾಡಿ ಬಿಲ್ಡರ್ ಹತ್ರ ಫ್ಲ್ಯಾಟ್ ತಗೊಳ್ಳೋ ಸಂಬಳದವನ ವಿಷಯದಲ್ಲಿ ಬ್ಯಾಂಕ್ ಚೆಕ್ ಹೋಗುತ್ತೆ, ಜಿಎಸ್‌ಟಿ ಕಟ್ಟಿರ್ತಾನೆ, 50 ಲಕ್ಷ ಮುಟ್ಟಿದ್ರೆ ಶೇ 1 ಟಿಡಿಎಸ್ ಹಿಡಿದು ಕಟ್ಟಿರ್ತಾನೆ, ಅಲ್ಲಿ ಬೆಲೆ ಮುಚ್ಚಿಡೋದು ಅಷ್ಟು ಸುಲಭ ಇಲ್ಲ. ಹಾಗಾಗಿ ಅಪಾರ್ಟ್‌ಮೆಂಟ್‌ಗಳಿಂದ್ಲೇ ಶುರು ಮಾಡಿ. ಇನ್ನೊಂದು ಖಾಸಗಿತನ. ಹೆಸರು ಬೇಡ, ಮನೆ ನಂಬರೂ ಬೇಡ, ಪ್ರಾಜೆಕ್ಟು, ಟವರು, ಮಹಡಿ, ಕಾರ್ಪೆಟ್ ಏರಿಯಾ, ತಿಂಗಳು, ಮೊತ್ತ, ಇಷ್ಟು ಸಾಕು.

ಮೂರನೇದು ನಿಜವಾದ ತೊಡಕು. ಕಟ್ತಿರೋ ಪ್ರಾಜೆಕ್ಟಲ್ಲಿ ಇವತ್ತು ಬುಕ್ ಮಾಡಿದವನ ಕ್ರಯಪತ್ರ ನೋಂದಣಿ ಆಗೋದು ಮೂರು ನಾಲ್ಕು ವರ್ಷ ಬಿಟ್ಟು, ಕಟ್ಟಡ ಮುಗಿದ್ಮೇಲೆ. ಅಲ್ಲಿ ಬರೋದು ಹಳೇ ಬೆಲೆ. ಶೇ 10ಕ್ಕಿಂತ ಜಾಸ್ತಿ ಮುಂಗಡ ತಗೊಳ್ಳೋ ಮುಂಚೆ ಮಾರಾಟದ ಕರಾರು ಬರೆದು ಅದನ್ನ ನೋಂದಾಯಿಸ್ಬೇಕು ಅಂತ ರೇರಾ ಸೆಕ್ಷನ್ 13 ಹೇಳುತ್ತೆ, ಆದ್ರೆ ನಮಗೆ ಸಿಕ್ಕ ಡ್ರಾಫ್ಟ್‌ಗಳ ಜೊತೆ ನೋಂದಣಿ ಮಾತೇ ಬರ್ಲಿಲ್ಲ, ನೋಟರಿ ಸೀಲು ಸಾಕು ಸರ್ ಅಂದ್ರು. ಒಂದು ಕಡೆಯಂತೂ ರೇರಾ ನಂಬರ್ ಬರೋ ಮುಂಚೆನೇ "ಆಸಕ್ತಿ ಪತ್ರ" ಅಂತ ಸಹಿ ಹಾಕಿಸ್ಕೊಂಡು ಚೆಕ್ ಕೇಳಿದ್ರು, ರೀಫಂಡಬಲ್ ಅಂತೆ, ಬೆಲೆ ಎಷ್ಟು ಅಂದ್ರೆ ಲಾಂಚ್ ದಿನ ಹೇಳ್ತೀವಿ ಅಂತೆ. ನೋಂದಣಿಗೆ ಮುಂಚೆ ಬುಕಿಂಗ್ ತಗೊಳ್ಳೋದು ಬಿಡಿ, ಜಾಹೀರಾತೂ ಕೊಡೋ ಹಾಗಿಲ್ಲ ಅಂತ ಸೆಕ್ಷನ್ 3ರಲ್ಲಿದೆ. ಬೆಲೆಯೇ ಹೇಳದೆ ಚೆಕ್ ಕೇಳೋ ಧೈರ್ಯ ಬರೋದು, ಪಕ್ಕದ ಪ್ರಾಜೆಕ್ಟಲ್ಲಿ ನಿಜಕ್ಕೂ ಎಷ್ಟಕ್ಕೆ ಹೋಯ್ತು ಅಂತ ಎದುರಿಗೆ ಕೂತವನಿಗೆ ಗೊತ್ತಿರಲ್ಲ ಅನ್ನೋ ನಂಬಿಕೆಯಿಂದ.

ಬೆಲೆ ಕಟ್ಟಿ ಅಂತ ನಾನು ಕೇಳ್ತಿಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ತೀನಿ. 2024ರ ಮಾರ್ಚಲ್ಲಿ ಬೋರ್‌ವೆಲ್ ಬತ್ತಿದಾಗ ಬೆಂಗಳೂರಲ್ಲಿ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ಕಟ್ಟಿತ್ತು, 12 ಸಾವಿರ ಲೀಟರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ. ಅದು ಬರಗಾಲದ ಮಾತು. ಮನೆಗೆ ಹಾಗೆ ದರ ಕಟ್ಟೋಕೆ ಹೋದ್ರೆ ಮತ್ತೆ ಕಪ್ಪು ಹಣ ಶುರುವಾಗುತ್ತೆ. ದರ ಮಾರುಕಟ್ಟೆನೇ ಹೇಳ್ಲಿ, ಆದ್ರೆ ಎರಡೂ ಕಡೆಯವರಿಗೆ ಕೇಳೋ ಹಾಗೆ ಹೇಳ್ಲಿ.

ಹಾಗಾಗಿ ನಮ್ಮ ಕೋರಿಕೆ. ನೋಂದಣಿ ಇಲಾಖೆಯವರು ಬೆಂಗಳೂರಿನ ಅಪಾರ್ಟ್‌ಮೆಂಟ್ ಕ್ರಯಪತ್ರಗಳ ಮೊತ್ತವನ್ನ ಹೆಸರು ತೆಗೆದು, ಪ್ರಾಜೆಕ್ಟ್‌ವಾರು ಪ್ರತಿ ತಿಂಗಳು ಹುಡುಕೋಕೆ ಬರೋ ಥರ, ಕನ್ನಡದಲ್ಲಿ, ಉಚಿತವಾಗಿ ಪ್ರಕಟಿಸ್ಬೇಕು. ಹಳೇದನ್ನೂ ಹಾಕಿ, ಕೊನೇಪಕ್ಷ ಕಳೆದ ಐದು ವರ್ಷದ್ದು, ಇಲ್ಲಾಂದ್ರೆ ಏರಿದೆಯೋ ಇಳಿದಿದೆಯೋ ಗೊತ್ತಾಗಲ್ಲ. ರೇರಾದವರು ತ್ರೈಮಾಸಿಕ ವರದೀಲಿ ಬುಕ್ ಆದ ಮನೆಗಳ ಸಂಖ್ಯೆ ಪಕ್ಕದಲ್ಲೇ ಆ ಮೂರು ತಿಂಗಳ ಕನಿಷ್ಠ, ಗರಿಷ್ಠ, ಸರಾಸರಿ ಬೆಲೆಯನ್ನ ಕಾರ್ಪೆಟ್ ಚದರಡಿ ಲೆಕ್ಕದಲ್ಲಿ ತುಂಬಿಸ್ಕೋಬೇಕು, ಪಾರ್ಕಿಂಗು ಕ್ಲಬ್ ಹೌಸು ಎಲ್ಲ ಸೇರಿಸಿ. ಕಾಸ್ಟ್ ಶೀಟಿಗೆ ಒಂದೇ ನಮೂನೆ ಮಾಡಿ, ಕೊನೇ ಸಾಲಲ್ಲಿ ತೆರಿಗೆ, ನೋಂದಣಿ ಸೇರಿ ಕೈಯಿಂದ ಹೋಗೋ ಒಟ್ಟು ಮೊತ್ತ ದಪ್ಪಕ್ಷರದಲ್ಲಿ ಇರ್ಲಿ, ಜಾಹೀರಾತಲ್ಲಿ ಬೆಲೆ ಹಾಕೋದಾದ್ರೆ ಆ ಮೊತ್ತನೇ ಹಾಕ್ಲಿ. ಮಾರ್ಗಸೂಚಿ ಬೆಲೆ ಮುಂದಿನ ಸಲ ಪರಿಷ್ಕರಿಸೋವಾಗ ಅಪಾರ್ಟ್‌ಮೆಂಟ್‌ಗಳಿಗೆ ಸೂಪರ್ ಬಿಲ್ಟ್ ಅಪ್ ಬಿಟ್ಟು ಕಾರ್ಪೆಟ್ ಲೆಕ್ಕ ಹಿಡೀರಿ, ನೀವೇ ಹಿಡೀದಿದ್ರೆ ಬಿಲ್ಡರ್‌ಗಳು ಯಾಕೆ ಹಿಡೀತಾರೆ. ಬ್ಯಾಂಕುಗಳು ವ್ಯಾಲ್ಯುಯೇಶನ್ ರಿಪೋರ್ಟಿನ ಪ್ರತಿಯನ್ನ ಫೀಸ್ ಕಟ್ಟಿದವರಿಗೆ ಕೊಡೋ ಬಗ್ಗೆ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತೀಲಿ ನಿಮ್ಮ ಕಡೆಯಿಂದ ವಿಷಯ ಎತ್ತಿದ್ರೆ ದೊಡ್ಡ ಉಪಕಾರ.

ಇದಕ್ಕೆಲ್ಲ ಹೊಸ ಕಾಯ್ದೆ ಬೇಕು ಅಂತ ನನಗೆ ಅನ್ನಿಸಲ್ಲ. ಬೇಕು ಅನ್ನೋದಾದ್ರೆ ಯಾವ ನಿಯಮ ಅಡ್ಡ ಬರ್ತಿದೆ ಅಂತ ಹೇಳಿ, ಅದನ್ನ ಬದಲಾಯಿಸಿ ಅಂತ ನಮ್ಮ ಶಾಸಕರನ್ನ ಕೇಳ್ತೀವಿ. ಇಡೀ ಬೆಂಗಳೂರಿಗೆ ಒಂದೇ ಸಲ ಆಗಲ್ಲ ಅಂದ್ರೆ ಒಂದು ನೋಂದಣಿ ಜಿಲ್ಲೆಯಿಂದ ಪ್ರಾಯೋಗಿಕವಾಗಿ ಶುರು ಮಾಡಿ, ಜಯನಗರದ್ದೇ ಆಗ್ಲಿ, ನಮಗೂ ಅನುಕೂಲ. ಈ ಪತ್ರದ ಪ್ರತಿಯನ್ನ ನಾಲ್ಕೂ ಕಚೇರಿಗೆ ಸ್ಪೀಡ್ ಪೋಸ್ಟಲ್ಲಿ ಕಳಿಸ್ತಿದೀನಿ. ಉತ್ತರ ಕೊಡೋದಾದ್ರೆ ನನ್ನೊಬ್ಬನಿಗೆ ಹಿಂಬರಹ ಬೇಡ, ಇಲಾಖೆ ವೆಬ್‌ಸೈಟಲ್ಲೇ ಹಾಕಿ.

ಇತಿ ತಮ್ಮ ವಿಶ್ವಾಸಿ,
ಮನೆ ಹುಡುಕುತ್ತಿರುವ ಒಬ್ಬ ಬಾಡಿಗೆದಾರ
ಬೆಂಗಳೂರು ದಕ್ಷಿಣ